ಇಥಿಯೋಪಿಯಾ ವಲಸಿಗರ ಓದಿನ ಕಪಾಟು: ನಾನು ಜೋಡಿಸುವ ಬಗೆ

ಅಮೆರಿಕದಲ್ಲಿ ಇಥಿಯೋಪಿಯಾದವರು ಅತಿ ಹೆಚ್ಚು ನೆಲೆಸಿರುವುದು ವಾಷಿಂಗ್ಟನ್ ಡಿ.ಸಿ. ಮತ್ತು ಅದಕ್ಕೆ ತಾಗಿದ ಮೇರಿಲ್ಯಾಂಡ್, ವರ್ಜೀನಿಯಾ ಊರುಗಳಲ್ಲಿ. ಇಲ್ಲಿ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಪುಸ್ತಕಗಳ ಕಪಾಟು ಜೋಡಿಸಿ, ಅದರ ಮುಂದೆ ಮಕ್ಕಳನ್ನೂ ಅಜ್ಜಿಯರನ್ನೂ ಕೂರಿಸಿ ಓದಿಸುವ ಕೆಲಸದಲ್ಲಿ ನಾನು ಸ್ವಯಂಸೇವಕ. ಪುಸ್ತಕ ಕಪಾಟಿನಲ್ಲೇ ಇದ್ದರೂ ಓದುಗರ ಕೈಗೆ ಸಿಗದೆ ಹೋಗುವುದು ಹೆಚ್ಚಾಗಿ ಪಟ್ಟಿ ಮಾಡಿದ ರೀತಿಯಿಂದ. ಅದನ್ನು ಅವರ ಲೆಕ್ಕದಲ್ಲಿ ಬರೆದಾಗಲೇ ಕಪಾಟು ಅವರದಾಗುತ್ತದೆ.

ಮೊದಲು ಲೇಖಕರ ಹೆಸರು. ಇಥಿಯೋಪಿಯಾದಲ್ಲಿ ಮನೆತನದ ಹೆಸರಿನ ರೂಢಿಯಿಲ್ಲ. ಮೊದಲನೆಯದು ಸ್ವಂತ ಹೆಸರು, ಎರಡನೆಯದು ತಂದೆಯ ಹೆಸರು. ಮದುವೆಯಾದ ಮೇಲೂ ಹೆಂಗಸರ ಹೆಸರು ಬದಲಾಗುವುದಿಲ್ಲ. ಹೀಗಾಗಿ ಕಾದಂಬರಿಕಾರ ಹಾದಿಸ್ ಅಲೆಮಾಯೆಹು ಅವರ ಪುಸ್ತಕವನ್ನು ‘ಹಾದಿಸ್’ ಎಂದೇ ಜೋಡಿಸಬೇಕು. ‘ಅಲೆಮಾಯೆಹು’ ಎಂದಿಟ್ಟರೆ ಅವರ ತಂದೆಯ ಹೆಸರಿನಲ್ಲಿ ಇಟ್ಟಂತೆ, ಅಲ್ಲಿ ಯಾರೂ ಹುಡುಕುವುದಿಲ್ಲ. ಯು.ಆರ್. ಅನಂತಮೂರ್ತಿಯವರನ್ನು ನಾವು ‘ಅ’ದಲ್ಲಿ ಹುಡುಕುತ್ತೇವಲ್ಲ, ಹಾಗೆಯೇ. ಆದರೆ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು ಇಂಗ್ಲಿಷಿನಲ್ಲಿ ಬರೆಯುವ ದಿನಾವ್ ಮೆಂಗೆಸ್ಟು ಅವರನ್ನು ಇಲ್ಲಿನ ಲೈಬ್ರರಿಗಳು ‘ಮೆಂಗೆಸ್ಟು’ ಎಂದು ಇಡುತ್ತವೆ. ಇಂಥವರಿಗೆ ಎರಡೂ ಜಾಗದಲ್ಲಿ ಒಂದೊಂದು ಚೀಟಿ ಹಾಕುತ್ತೇನೆ. ಸದಸ್ಯತ್ವದ ಫಾರಂನಲ್ಲೂ ಇದೇ ತೊಡಕು: ತಾಯಿ, ತಂದೆ, ಮಗು ಮೂವರ ‘ಕೊನೆಯ ಹೆಸರು’ ಬೇರೆ ಬೇರೆ ಇರುತ್ತದೆ. ಒಂದೇ ಮನೆಯವರೆಂದು ತಿಳಿಯಲು ಫೋನ್ ನಂಬರನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸುಲಭ.

ಪುಸ್ತಕದಲ್ಲಿ ಅಚ್ಚಾದ ಇಸವಿಯನ್ನು ಹಾಗೇ ನಕಲು ಮಾಡಬಾರದು, ಅದು ಇಥಿಯೋಪಿಯಾದ ಪಂಚಾಂಗದ್ದು. ಇಥಿಯೋಪಿಯಾದ ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ ಬರುತ್ತದೆ (ಕೆಲವು ವರ್ಷ 12ಕ್ಕೆ). ತಿಂಗಳು 13; ಹನ್ನೆರಡಕ್ಕೆ 30 ದಿನ, ಕೊನೆಯ ಪಗುಮೆಗೆ 5 ಅಥವಾ 6. ಅಚ್ಚಾದ ಇಸವಿಗೆ ಹೊಸ ವರ್ಷದಿಂದ ಡಿಸೆಂಬರ್ ಕೊನೆಯವರೆಗೆ 7 ವರ್ಷ, ಜನವರಿಯಿಂದ 8 ವರ್ಷ ಕೂಡಿಸಬೇಕು. ತಿಂಗಳು ಅಚ್ಚಾಗಿರದಿದ್ದರೆ 1990 ಎಂಬುದನ್ನು ‘1997-98’ ಎಂದು ಬರೆದು, ಪಕ್ಕದಲ್ಲಿ ಮೂಲ ಇಸವಿಯನ್ನೂ ಉಳಿಸುತ್ತೇನೆ. ಇಲ್ಲದಿದ್ದರೆ ಒಂದೇ ಮುದ್ರಣ ಪಟ್ಟಿಯಲ್ಲಿ ಎರಡಾಗುತ್ತದೆ.

ಹುಡುಕಾಟದಲ್ಲಿ ಇನ್ನೊಂದು ತೊಡಕಿದೆ. ಅಮ್ಹಾರಿಕ್‌ನಲ್ಲಿ ‘ಹ’ ಉಚ್ಚಾರಕ್ಕೆ ಮೂರು ಮೂಲಾಕ್ಷರ, ‘ಸ’ಕ್ಕೆ ಎರಡು, ‘ಅ’ಕ್ಕೆ ಎರಡು. ‘ತ್ಸೆಹಾಯ್’, ಅಂದರೆ ಸೂರ್ಯ, ಎಂಬ ಪದವನ್ನು ಜನ ಹಲವು ಬಗೆಯಲ್ಲಿ ಬರೆಯುತ್ತಾರೆ, ಯಾವುದೂ ತಪ್ಪೆನಿಸುವುದಿಲ್ಲ. ಅದಕ್ಕೇ ಶೀರ್ಷಿಕೆಗೆ ಎರಡು ಕಲಂ ಮಾಡಿ: ಒಂದರಲ್ಲಿ ರಟ್ಟಿನ ಮೇಲಿರುವಂತೆ, ಇನ್ನೊಂದರಲ್ಲಿ ಒಂದು ಉಚ್ಚಾರಕ್ಕೆ ಒಂದೇ ಅಕ್ಷರ ಬಳಸಿ. ಹುಡುಕುವುದು ಎರಡನೆಯದರಲ್ಲಿ. ಹಳೆಯ ಡಿಜಿಟಲ್ ಪ್ರತಿಗಳು ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿದ್ದರೆ ನಕಲು ಮಾಡಿದಾಗ ಬರೀ ಗೀಚು ಬರುತ್ತದೆ; ಹಳೆಯ ನುಡಿ, ಬರಹ ಫೈಲುಗಳನ್ನು ತೆರೆದವರಿಗೆ ಇದು ಗೊತ್ತು. ಅವುಗಳ ಶೀರ್ಷಿಕೆಯನ್ನು ಕೈಯಲ್ಲೇ ಟೈಪ್ ಮಾಡಬೇಕು.

ಇಲ್ಲೇ ಹುಟ್ಟಿದ ಮಕ್ಕಳು ಅಮ್ಹಾರಿಕ್ ಮಾತು ಅರ್ಥ ಮಾಡಿಕೊಳ್ಳುತ್ತಾರೆ, ಓದಲಾರರು. ‘ಫಿದೆಲ್’ ಎಂಬ ಈ ಲಿಪಿಯಲ್ಲಿ 33 ಮೂಲಾಕ್ಷರ, ಪ್ರತಿಯೊಂದಕ್ಕೂ 7 ರೂಪ, ಒಟ್ಟು 231. ನಮ್ಮ ಕಾಗುಣಿತವೇ ಇದು: ಲೆ, ಲು, ಲಿ, ಲಾ, ಲೇ, ಲ್, ಲೊ. ಪೂರ್ತಿ ಚಾರ್ಟನ್ನು ಮೊದಲ ದಿನವೇ ಗೋಡೆಗೆ ತೂಗುಹಾಕಿದರೆ ಮಕ್ಕಳು ಹೆದರುತ್ತಾರೆ. ನಾನು ಲ, ಬ, ಸ, ಕ, ತ, ನ, ಮ ಎಂಬ ಏಳರಿಂದ, ಅಂದರೆ 49 ರೂಪಗಳಿಂದ ಶುರು ಮಾಡುತ್ತೇನೆ. ‘ಮ’ ಬಿಟ್ಟರೆ ಉಳಿದವು ಹೆಚ್ಚೂಕಡಿಮೆ ಒಂದೇ ನಿಯಮಕ್ಕೆ ಬಗ್ಗುತ್ತವೆ: ‘ಉ’ಗೆ ಬಲಗಡೆ ನಡುವಿನಲ್ಲಿ ಗೆರೆ, ‘ಇ’ಗೆ ಬಲಗಾಲಿನ ಬುಡದಲ್ಲಿ ಗೆರೆ, ‘ಆ’ಗೆ ಬಲಗಾಲು ಉದ್ದ, ‘ಏ’ಗೆ ಬಲಗಾಲಿನ ಬುಡದಲ್ಲಿ ಸುತ್ತು. ಆರನೆಯದೂ ಏಳನೆಯದೂ ನಿಯಮ ಮೀರುತ್ತವೆ, ಅವನ್ನು ಬಾಯಿಪಾಠವೇ ಮಾಡಿಸಬೇಕು. ‘ರ’ ಮೊದಲಿನಿಂದಲೂ ತರಲೆ, ಮುಂದಕ್ಕೆ ತಳ್ಳಿ. ಈ ಏಳರಲ್ಲೇ ಬೇತ್ (ಮನೆ), ಬುನಾ (ಕಾಫಿ), ಸೆಲಾಮ್, ಕೊಕೆಬ್ (ನಕ್ಷತ್ರ) ಎಂದು ಓದಬಹುದು. ಓದಿದ್ದು ಮನೆಯಲ್ಲಿ ಕೇಳಿದ ಮಾತೇ ಎಂದು ಗೊತ್ತಾದಾಗ ಮಕ್ಕಳು ಮುಂದಿನ ಪುಟವನ್ನು ತಾವೇ ತಿರುಗಿಸುತ್ತಾರೆ.

ಮಕ್ಕಳು ಎಡವುವುದು ಒತ್ತಿನಲ್ಲಿ. ಅಮ್ಹಾರಿಕ್‌ನಲ್ಲಿ ಒತ್ತಿ ಹೇಳುವುದುಂಟು, ಬರೆಯುವುದಿಲ್ಲ. ‘ಅಲೆ’ ಎಂದರೆ ಅವನು ಹೇಳಿದ, ‘ಅಲ್ಲೆ’ ಎಂದರೆ ಇದ್ದಾನೆ; ಬರಹದಲ್ಲಿ ಎರಡೂ ಒಂದೇ. ‘ಗೆನಾ’ ಇನ್ನೂ, ‘ಗೆನ್ನಾ’ ಕ್ರಿಸ್‌ಮಸ್. ಮೊದಲ ಕೆಲವು ಪುಸ್ತಕಗಳಲ್ಲಿ ಒತ್ತು ಬರುವ ಅಕ್ಷರದ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತೇನೆ. ಎಲ್ಲಿಡಬೇಕೆಂದು ಅಜ್ಜಿಯರನ್ನೇ ಕೇಳಿ, ಅವರು ಗಟ್ಟಿಯಾಗಿ ಓದಿದರೆ ಒತ್ತು ತಾನಾಗಿ ಕೇಳಿಸುತ್ತದೆ.

ಓದಿನ ಕೂಟದ ಕರೆಯೋಲೆಯಲ್ಲಿ ಗಂಟೆಯನ್ನು ಎರಡು ಸಲ ಬರೆಯಬೇಕು. ಇಥಿಯೋಪಿಯಾದವರ ಹಗಲಿನ ಎಣಿಕೆ ಬೆಳಗಿನ ಆರಕ್ಕೆ ಶುರುವಾಗುವುದರಿಂದ ನಮ್ಮ ಮಧ್ಯಾಹ್ನ 2 ಅವರ 8. ಹೊಸದಾಗಿ ಬಂದ ಹಿರಿಯರು ಆ ಲೆಕ್ಕದಲ್ಲೇ ಬರುತ್ತಾರೆ. ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ 55 ದಿನ ಉಪವಾಸ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಸಲ್ಲದು. ಆದ್ದರಿಂದ ಬಿಸ್ಕತ್ತಿಗಿಂತ ‘ಕೊಲೊ’ ಎಂಬ ಹುರಿದ ಬಾರ್ಲಿ ಮತ್ತು ಪಾಪ್‌ಕಾರ್ನ್ ಒಳ್ಳೆಯದು, ಕಾಫಿಗೂ ಅವೇ ಜೋಡಿ. ರಂಜಾನ್ ತಿಂಗಳಲ್ಲಿ ಕೂಟವನ್ನು ಸಂಜೆಗೆ ಸರಿಸಿ. ಹಸಿ ಕಾಫಿಬೀಜವನ್ನು ಸಭಾಂಗಣದಲ್ಲೇ ಹುರಿದರೆ ಹೊಗೆಗೆ ಫೈರ್ ಅಲಾರಂ ಕೂಗುತ್ತದೆ. ಹುರಿದು ತಂದು, ಜೆಬೆನಾ ಎಂಬ ಕಾಫಿ ಹೂಜಿಯಲ್ಲಿ ಕುದಿಸುವುದನ್ನಷ್ಟೇ ಅಲ್ಲಿ ಮಾಡಿ. ಕಾಫಿ ಮೂರು ಸುತ್ತು: ಅಬೊಲ್, ತೊನಾ, ಬೆರೆಕಾ. ಅಬೊಲ್‌ಗೆ ಮುಂಚೆ ಓದು ಮುಗಿಸಬೇಕು, ಆಮೇಲೆ ಮಾತು ಶುರುವಾದರೆ ಪುಸ್ತಕ ಮತ್ತೆ ತೆರೆಯುವುದಿಲ್ಲ.

ಇಥಿಯೋಪಿಯಾದವರೆಲ್ಲ ಅಮ್ಹಾರಿಕ್ ಓದುಗರೆಂದು ಭಾವಿಸುವುದು ನೋವು ಕೊಡುತ್ತದೆ. ಒರೊಮೊ ಭಾಷೆಯನ್ನು ಬರೆಯುವುದು ಲ್ಯಾಟಿನ್ ಅಕ್ಷರಗಳಲ್ಲಿ, ಒತ್ತನ್ನೂ ದೀರ್ಘವನ್ನೂ ಅಕ್ಷರ ಇಮ್ಮಡಿಸಿ ತೋರಿಸುತ್ತಾರೆ. ತಿಗ್ರಿನ್ಯಾಕ್ಕೆ ಲಿಪಿ ಫಿದೆಲ್ಲೇ ಆದರೂ ಭಾಷೆ ಬೇರೆ. ಸದಸ್ಯತ್ವದ ಫಾರಂನಲ್ಲಿ ದೇಶದ ಬದಲು ‘ಮನೆಯಲ್ಲಿ ಯಾವ ಭಾಷೆ, ಓದುವುದು ಯಾವ ಭಾಷೆ’ ಎಂದು ಎರಡು ಪ್ರಶ್ನೆ ಕೇಳಿ, ಈ ಮೂರು ಭಾಷೆಗಳಿಗೂ ಬೇರೆ ಬೇರೆ ಅರೆ ಕೊಡಿ. ಆರಂಭದಲ್ಲಿ ಒಂದು ಅರೆಯಲ್ಲಿ ಹತ್ತೇ ಪುಸ್ತಕ ಇದ್ದರೂ ಸರಿ, ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ ಬರೆದು ಅಂಟಿಸಿ.