ವಯಸ್ಕ ರೋಗಿಗಳ ಶುಶ್ರೂಷೆ: ಪರೀಕ್ಷೆಯ ಪ್ರಶ್ನೆಗಳನ್ನು ಅಭ್ಯಾಸ ಮಾಡುವ ಕ್ರಮ

ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಪ್ರಶ್ನೆಗಳಲ್ಲಿ ಚೆನ್ನಾಗಿ ಓದಿಕೊಂಡವರೂ ಅಂಕ ಕಳೆದುಕೊಳ್ಳುತ್ತಾರೆ. ಪ್ರಶ್ನೆಯಲ್ಲಿರುವ ರೋಗಿಯ ಸ್ಥಿತಿ ಏನೆಂದು ತೀರ್ಮಾನಿಸುವ ಮೊದಲೇ ಅವರ ಕಣ್ಣು ಆಯ್ಕೆಗಳತ್ತ ಹೋಗುವುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಆದುದರಿಂದ ಅಭ್ಯಾಸ ಮಾಡುವಾಗ ನಾಲ್ಕೂ ಆಯ್ಕೆಗಳನ್ನು ಕಾಗದದಿಂದ ಮುಚ್ಚಿಟ್ಟು, ಪ್ರಶ್ನೆಯನ್ನಷ್ಟೇ ಓದಿ, 'ಈ ರೋಗಿಗೆ ಈಗ ಆಗುತ್ತಿರುವುದು ಏನು, ನಾನು ಹೆದರಬೇಕಾದುದು ಯಾವುದಕ್ಕೆ' ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು, ಆಮೇಲೆ ಆಯ್ಕೆಗಳನ್ನು ನೋಡಬೇಕು. ಮೊದಮೊದಲು ಇದು ನಿಧಾನವಾಗುತ್ತದೆ, ಆಗಲಿ.

ಅಮೆರಿಕದಲ್ಲಿ ನರ್ಸ್‌ಗಳ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ 2023ರ ಏಪ್ರಿಲ್‌ನಿಂದ ಇದೇ ಚಿಂತನಾಕ್ರಮವನ್ನು ನೇರವಾಗಿ ಪರೀಕ್ಷಿಸುತ್ತಿದೆ. ಒಬ್ಬ ರೋಗಿಯ ವಿವರ ಕೊಟ್ಟು ಅದರ ಮೇಲೆ 6 ಪ್ರಶ್ನೆಗಳನ್ನು ಕೇಳಲಾಗುತ್ತದೆ: ಮುಖ್ಯ ಸೂಚನೆಗಳನ್ನು ಗುರುತಿಸುವುದು, ಅವುಗಳ ಅರ್ಥ ಬಿಡಿಸುವುದು, ಸಂಭವನೀಯ ಸಮಸ್ಯೆಗಳಲ್ಲಿ ಯಾವುದು ಮೊದಲೆಂದು ನಿರ್ಧರಿಸುವುದು, ಪರಿಹಾರಗಳನ್ನು ಯೋಚಿಸುವುದು, ಕ್ರಮ ಕೈಗೊಳ್ಳುವುದು, ಫಲಿತಾಂಶವನ್ನು ಪರಿಶೀಲಿಸುವುದು. ಬರೆಯುವ ಪರೀಕ್ಷೆ ಬೇರೆಯಾದರೂ ಈ ಆರು ಹಂತಗಳು ಉಪಯೋಗಕ್ಕೆ ಬರುತ್ತವೆ.

ಒಂದು ಮಾದರಿಯನ್ನು ಬಿಡಿಸಿ ನೋಡೋಣ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿದು 6 ಗಂಟೆಗಳಾದ, 58 ವರ್ಷದ ರೋಗಿಯೊಬ್ಬರು ಚಡಪಡಿಸುತ್ತಿದ್ದಾರೆ. ನಾಡಿಬಡಿತ 84ರಿಂದ 118ಕ್ಕೆ ಏರಿದೆ, ರಕ್ತದೊತ್ತಡ 124/78ರಿಂದ 102/70ಕ್ಕೆ ಇಳಿದಿದೆ, ಕಳೆದ ಒಂದು ಗಂಟೆಯಲ್ಲಿ ಬಂದ ಮೂತ್ರ 20 ಮಿಲಿಲೀಟರ್. ಹೊಟ್ಟೆ ಮೊದಲಿಗಿಂತ ಬಿಗಿಯಾಗಿ ಉಬ್ಬಿದೆ, ಡ್ರೆಸಿಂಗ್ ಒಣಗಿದೆ, ನೋವು ಹತ್ತಕ್ಕೆ ಆರು. ಇಲ್ಲಿ ನೋವು ಮತ್ತು ಒಣಗಿದ ಡ್ರೆಸಿಂಗ್ ಎರಡೂ ದಾರಿ ತಪ್ಪಿಸುವ ವಿವರಗಳು. ಶಸ್ತ್ರಚಿಕಿತ್ಸೆಯ ದಿನ ನೋವು ನಿರೀಕ್ಷಿತ. ರಕ್ತ ಒಳಗೇ ಸೋರುತ್ತಿದ್ದರೆ ಡ್ರೆಸಿಂಗ್ ಒದ್ದೆಯಾಗಬೇಕೆಂದಿಲ್ಲ. ಉಳಿದ ಸೂಚನೆಗಳನ್ನು ಒಟ್ಟಿಗೆ ಇಟ್ಟಾಗ ಆಂತರಿಕ ರಕ್ತಸ್ರಾವದ ಶಂಕೆ ಬಲವಾಗುತ್ತದೆ. ಇಷ್ಟನ್ನು ಬರೆದುಕೊಂಡವರಿಗೆ 'ಸೂಚಿಸಿರುವ ಮಾರ್ಫಿನ್ (ನೋವುನಿವಾರಕ) ಕೊಡುವುದು' ಎಂಬ ಆಯ್ಕೆ ಆಕರ್ಷಕವಾಗಿ ಕಾಣುವುದಿಲ್ಲ, ಏಕೆಂದರೆ ಅದು ರಕ್ತದೊತ್ತಡವನ್ನು ಇನ್ನಷ್ಟು ಇಳಿಸಬಹುದು. 'ಅರ್ಧ ಗಂಟೆಯ ನಂತರ ಮತ್ತೆ ವೈಟಲ್ಸ್ (ನಾಡಿ, ರಕ್ತದೊತ್ತಡ ಮುಂತಾದವು) ನೋಡುವುದು' ಎಂಬುದೂ ಸರಿಯಲ್ಲ. ಶಸ್ತ್ರಚಿಕಿತ್ಸಕರಿಗೆ ತಕ್ಷಣ ತಿಳಿಸುವುದೇ ಉತ್ತರ.

'ಮೊದಲು ಪರಿಶೀಲನೆ, ಆಮೇಲೆ ಕ್ರಮ' ಎಂಬ ಸೂತ್ರವನ್ನು ಕಣ್ಣುಮುಚ್ಚಿ ನಂಬಿದವರು ಎಡವುವುದು ಇಂಥ ಕಡೆಯಲ್ಲೇ. ಪರಿಶೀಲನೆ ಪ್ರಶ್ನೆಯೊಳಗೇ ಮುಗಿದಿದ್ದರೆ ಮುಂದಿನದು ಕ್ರಮ. ರಕ್ತ ಏರಿಸಲು ಆರಂಭಿಸಿದ 10 ನಿಮಿಷಕ್ಕೆ ರೋಗಿಗೆ ಚಳಿ, ಸೊಂಟನೋವು ಕಾಣಿಸಿಕೊಂಡಿತೆಂದಾದರೆ ಮೊದಲು ರಕ್ತವನ್ನು ನಿಲ್ಲಿಸಬೇಕು, ಅನಂತರ ಹೊಸ ಟ್ಯೂಬಿಂಗ್ ಹಾಕಿ ನಾರ್ಮಲ್ ಸಲೈನ್‌ನಿಂದ ರಕ್ತನಾಳದ ದಾರಿಯನ್ನು ಉಳಿಸಿಕೊಂಡು ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಪ್ರತಿಯಾಗಿ, ಆರಾಮವಾಗಿ ಮಾತನಾಡುತ್ತಿರುವ ರೋಗಿಯ ಮಾನಿಟರ್ ಇದ್ದಕ್ಕಿದ್ದಂತೆ ರಕ್ತದ ಆಮ್ಲಜನಕ ಶೇ. 78 ಎಂದು ತೋರಿಸಿದರೆ, ರೋಗಿಯನ್ನೂ ಬೆರಳಿನ ಪ್ರೋಬನ್ನೂ ನೋಡುವುದು ಮೊದಲ ಕೆಲಸ.

ಯಾರನ್ನು ಮೊದಲು ನೋಡಬೇಕೆಂದು ಕೇಳುವ ಪ್ರಶ್ನೆಗಳಲ್ಲಿ ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ ಎಂಬ ಕ್ರಮವೊಂದೇ ಸಾಲದು. ಆ ರೋಗದಲ್ಲಿ ಇದು ನಿರೀಕ್ಷಿತವೋ ಹೊಸದೋ ಎಂದೂ ಕೇಳಿಕೊಳ್ಳಬೇಕು. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಯ ಆಮ್ಲಜನಕ ಶೇ. 90 ಇದ್ದರೆ ಗಾಬರಿಪಡಬೇಕಿಲ್ಲ, ಅವರಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರಲ್ಲಿ ಉಸಿರೆಳೆಯುವಾಗ ಕೀರಲು ಸದ್ದು ಹೊಸದಾಗಿ ಕೇಳಿಸಿದರೆ ಉಳಿದವರನ್ನೆಲ್ಲ ಬಿಟ್ಟು ಅವರ ಬಳಿಗೆ ಹೋಗಬೇಕು. ತೀವ್ರ ಆಸ್ತಮಾದಲ್ಲಿ ರೋಗಿ ಇನ್ನೂ ಏದುಸಿರು ಬಿಡುತ್ತಿರುವಾಗಲೇ ಸಿಳ್ಳೆಯಂಥ ಸದ್ದು ಹಠಾತ್ತನೆ ನಿಂತುಹೋಗುವುದು ಸುಧಾರಣೆಯ ಲಕ್ಷಣವಲ್ಲ. ಗಾಳಿಯ ಸಂಚಾರವೇ ನಿಲ್ಲುತ್ತಿದೆ ಎಂದರ್ಥ.

ಸಂಖ್ಯೆಗಳನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ, ಆದರೆ ಪ್ರತಿಯೊಂದರ ಜೊತೆಗೂ ಅದು ಬೇಡುವ ಕ್ರಮವನ್ನು ಸೇರಿಸಿ ಕಲಿಯಬೇಕು. ರಕ್ತದ ಪೊಟ್ಯಾಸಿಯಂನ ಸಾಮಾನ್ಯ ಮಟ್ಟ ಲೀಟರ್‌ಗೆ 3.5ರಿಂದ 5.0 ಮಿಲಿಈಕ್ವಿವಲೆಂಟ್ ಎಂದಷ್ಟೇ ಅಲ್ಲ, ಅದು ಕಡಿಮೆಯಾದಾಗ ಹೃದಯದ ಔಷಧಿಯಾದ ಡಿಗಾಕ್ಸಿನ್ ವಿಷಕಾರಿಯಾಗುವ ಅಪಾಯ ಹೆಚ್ಚುತ್ತದೆ, ಪೊಟ್ಯಾಸಿಯಂ ಅನ್ನು ರಕ್ತನಾಳಕ್ಕೆ ನೇರವಾಗಿ ಪುಶ್ ಮಾಡಲೇಬಾರದು (ಸಿರಿಂಜಿನಿಂದ ಒಮ್ಮೆಲೇ ಕೊಡಬಾರದು) ಎಂದೂ ಬರೆದಿಟ್ಟುಕೊಳ್ಳಿ. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು, ರೋಗಿ ಎಚ್ಚರವಿದ್ದು ನುಂಗಬಲ್ಲರಾದರೆ 15 ಗ್ರಾಂ ಬೇಗ ಹೀರಿಕೆಯಾಗುವ ಸಕ್ಕರೆ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು; ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು.

'ಸರಿಯಾದುದೆಲ್ಲವನ್ನೂ ಆರಿಸಿ' ಎಂಬ ಪ್ರಶ್ನೆಯಲ್ಲಿ ಪ್ರತಿ ಆಯ್ಕೆಯನ್ನೂ ಪ್ರತ್ಯೇಕವಾದ ಸರಿ-ತಪ್ಪು ಪ್ರಶ್ನೆಯೆಂದು ಭಾವಿಸಿ. ಎನ್‌ಕ್ಲೆಕ್ಸ್‌ನಲ್ಲಿ ಇಂಥ ಪ್ರಶ್ನೆಗಳಿಗೆ ತಪ್ಪು ಆಯ್ಕೆಯಿಂದ ಅಂಕ ಕಳೆಯುವುದರಿಂದ ಊಹೆಯ ಮೇಲೆ ಎಲ್ಲವನ್ನೂ ಗುರುತು ಮಾಡಿದರೆ ನಷ್ಟವೇ. ಉತ್ತರ ನೋಡಿದ ಮೇಲೆ, ನಿಮ್ಮದು ಸರಿಯಾಗಿದ್ದರೂ ಸಹ, ಉಳಿದ ಆಯ್ಕೆಗಳು ಏಕೆ ತಪ್ಪು ಎಂಬ ವಿವರಣೆಯನ್ನು ಓದಿ. ತಪ್ಪಾದಾಗ ಅದು ವಿಷಯ ತಿಳಿಯದೆ ಆದುದೋ, ಸೂಚನೆ ಕಣ್ತಪ್ಪಿದುದೋ, ಆದ್ಯತೆ ಹಿಂದುಮುಂದಾದುದೋ ಎಂದು ನೋಟ್‌ಬುಕ್ಕಿನಲ್ಲಿ ಗುರುತಿಸಿ. ಮೊದಲನೆಯ ಬಗೆಯ ತಪ್ಪಿಗೆ ಪಠ್ಯಕ್ಕೆ ಮರಳಬೇಕು, ಉಳಿದೆರಡಕ್ಕೆ ಆಯ್ಕೆಗಳನ್ನು ಮುಚ್ಚಿಟ್ಟು ಅಂಥದೇ ಪ್ರಶ್ನೆಗಳನ್ನು ಇನ್ನಷ್ಟು ಬಿಡಿಸಬೇಕು.