ಹಿನ್ನೀರು ತಗ್ಗಿದಾಗ ದಡವನ್ನು ಓದಿಕೊಳ್ಳುವುದು ಹೇಗೆ?

ಮಳೆಗಾಲ ಕಳೆದ ಮೇಲೆ ಶರಾವತಿ ಹಿನ್ನೀರಿನಲ್ಲಿ ಗಾಳ ಹಾಕಬೇಕೆಂದಿರುವವರು ಚೈತ್ರ-ವೈಶಾಖಗಳಲ್ಲೇ ಒಮ್ಮೆ ದಡ ಸುತ್ತಿ ಬರುವುದು ಒಳ್ಳೆಯದು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಂತೆಲ್ಲ ಬೇಸಿಗೆಯಲ್ಲಿ ಮಟ್ಟ ಇಳಿಯುತ್ತದೆ. 1964ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ಮುಳುಗಿಸಿದ್ದ ರಸ್ತೆಗಳು, ಗದ್ದೆಯ ಬದುಗಳು, ಮರದ ಬೊಡ್ಡೆಗಳು ಆಗ ಬಯಲಾಗುತ್ತವೆ. ನೀರು ತೀರಾ ತಗ್ಗಿದ ವರ್ಷ ಈ ನೀರಿನಲ್ಲೇ ಮುಳುಗಿರುವ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಕಾಣಿಸಿಕೊಳ್ಳುತ್ತದೆ. ತುಂಬಿದ ನೀರಿನಲ್ಲಿ ಮೀನು ಎಲ್ಲಿ ತಂಗೀತು ಎಂಬುದನ್ನು ಊಹಿಸಲು ಈ ನೆಲಕ್ಕಿಂತ ಉತ್ತಮ ಆಧಾರ ಬೇರೆ ಇಲ್ಲ.

ಹಿನ್ನೀರಿನ ಕೆಲವು ಭಾಗಗಳು ಅಭಯಾರಣ್ಯಕ್ಕೆ ಸೇರಿರುವುದರಿಂದ ಹೊರಡುವ ಮೊದಲು ಅರಣ್ಯ ಇಲಾಖೆಯನ್ನೂ, ಪರವಾನಗಿಯ ಬಗ್ಗೆ ಮೀನುಗಾರಿಕೆ ಇಲಾಖೆಯನ್ನೂ ವಿಚಾರಿಸಿಕೊಳ್ಳಬೇಕು. ಒಬ್ಬರೇ ಹೋಗಬಾರದು. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯ ಹೂಳು ಹಸಿಯಾಗಿಯೇ ಇದ್ದು ಮೊಣಕಾಲವರೆಗೆ ಹುಗಿಯಬಹುದಾದ್ದರಿಂದ, ಉದ್ದನೆಯ ಕೋಲಿನಿಂದ ಮುಂದಿನ ನೆಲವನ್ನು ಒತ್ತಿ ನೋಡಿಯೇ ಹೆಜ್ಜೆ ಇಡಬೇಕು.

ಕಾಡಿನಂಚಿನಿಂದ ನಡಿಗೆ ಆರಂಭಿಸಿ, ಯಾವುದಾದರೂ ಹಳೆಯ ಹಳ್ಳದ ಜಾಡು ಹಿಡಿದು ನೀರಿನತ್ತ ಇಳಿಯಿರಿ. ಹಳ್ಳದ ತಿರುವು, ಕುಸಿದ ಬದು, ಬೇರು ಚಾಚಿಕೊಂಡ ಬೊಡ್ಡೆ ಇವೆಲ್ಲ ಮುಂದೆ ಮೀನಿಗೆ ಮರೆಯಾಗುವ ಜಾಗಗಳು. ಬೊಡ್ಡೆಗೆ ಸುತ್ತಿಕೊಂಡ ಹರಿದ ಬಲೆಯಿದ್ದರೆ ಬಿಡಿಸಿ ತನ್ನಿ, ಏಕೆಂದರೆ ನೀರು ಏರಿದ ಮೇಲೂ ಅದು ಮೀನು, ಆಮೆಗಳನ್ನು ಕೊಲ್ಲುತ್ತಲೇ ಇರುತ್ತದೆ. ಅಂಚಿನ ತೆಳುನೀರಿನಲ್ಲಿ ತಟ್ಟೆಯಾಕಾರದ ಗುಂಡಿಗಳು ಒತ್ತೊತ್ತಾಗಿ ಕಂಡರೆ ಅವು ತಿಲಾಪಿಯ, ಅಂದರೆ ಊರವರ ಜಿಲೇಬಿ ಮೀನು, ಮೊಟ್ಟೆಯಿಡಲು ತೋಡಿಕೊಂಡವು. ಬಂಡೆಯ ಮೇಲೆ ಮೀನಿನ ಪೊರೆ, ಏಡಿಯ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಬಿದ್ದಿದ್ದರೆ ನೀರುನಾಯಿ ಅಲ್ಲಿ ಬೇಟೆಯಾಡುತ್ತಿದೆ ಎಂದೇ ಅರ್ಥ. ಅಂತಹ ಜಾಗವನ್ನು ಅದಕ್ಕೇ ಬಿಟ್ಟುಬಿಡುವುದು ನ್ಯಾಯ.

ಇನ್ನು ಗುರುತು ಹಾಕಿಕೊಳ್ಳುವ ಕೆಲಸ, ಬಹಳ ಮಂದಿ ಉದಾಸೀನ ಮಾಡುವುದು ಇದನ್ನೇ. ಮುಳುಗದ ಎತ್ತರದಲ್ಲಿರುವ ಎರಡು ವಸ್ತುಗಳು, ಉದಾಹರಣೆಗೆ ಒಂದು ದೊಡ್ಡ ಮರ ಮತ್ತು ಅದರ ಹಿಂದಿನ ಗುಡ್ಡದ ತುದಿ, ಬೊಡ್ಡೆಯ ಬಳಿ ನಿಂತಾಗ ಒಂದೇ ಸಾಲಿಗೆ ಬರುತ್ತವೆಯೇ ನೋಡಿ ಬರೆದಿಟ್ಟುಕೊಳ್ಳಿ. ಇನ್ನೊಂದು ದಿಕ್ಕಿನಲ್ಲೂ ಹಾಗೆಯೇ ಮಾಡಿ. ನೀರು ತುಂಬಿದ ಮೇಲೆ ಈ ಎರಡು ಸಾಲುಗಳು ಕೂಡುವಲ್ಲೇ ಬೊಡ್ಡೆ ಇರುತ್ತದೆ. ಜೊತೆಗೆ ದಿನಪತ್ರಿಕೆಯಲ್ಲಿ ಬರುವ ಆ ದಿನದ ಜಲಾಶಯದ ಮಟ್ಟವನ್ನೂ ನಮೂದಿಸಿ. 1,770 ಅಡಿ ಇದ್ದ ದಿನ ಬೊಡ್ಡೆಯ ಬುಡ ನೀರಂಚಿಗೆ ಸರಿಯಾಗಿದ್ದರೆ, ಮಟ್ಟ 1,795ಕ್ಕೆ ಏರಿದಾಗ ಆ ಬುಡದ ಮೇಲೆ 25 ಅಡಿ ನೀರಿರುತ್ತದೆ.

ಮೊದಲ ಮಳೆಗೆ ಹಳ್ಳ ಹರಿದಾಗ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹಳ್ಳ ಹತ್ತುವ ಮೀನುಗಳು, ಏರುತ್ತವೆ. ಅವು ಮೊಟ್ಟೆಯಿಡಲು ಹೊರಟವು, ಅವನ್ನು ಹಿಡಿಯಲೇಬಾರದು. ಆದರೆ ಯಾವ ಹಳ್ಳದಲ್ಲಿ ಏರಿದವು ಎಂಬುದನ್ನು ದಡದಲ್ಲಿ ನಿಂತು ನೋಡಿ, ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ.