ಮುಳುಗಡೆ ಊರಿನವರಿಗೆ ಇಡಿಗಂಟಿನ ಭಯ ಗೊತ್ತು

ನಾವು ಗಂಡ-ಹೆಂಡತಿ ಇಬ್ಬರೂ ಶಿಕ್ಷಕರು. ನನ್ನದು ಗಣಿತ, ನಮ್ಮ ಮನೆಯವರದು ರಸಾಯನಶಾಸ್ತ್ರ. 2008ರಲ್ಲಿ ಬಾಗಲಕೋಟೆಯಿಂದ ದುಬೈಗೆ ಹೋದೆವು. 2024ರ ಜುಲೈನಲ್ಲಿ ಕೆಲಸ ಬಿಟ್ಟು ನವನಗರದ ಮನೆಗೆ ವಾಪಸ್ ಬಂದೆವು. ಆಗ ಅವರಿಗೆ 47, ನನಗೆ 44. ಮತ್ತೆ ಸಂಬಳಕ್ಕೆ ದುಡಿಯಲೇಬೇಕು ಅನ್ನುವ ಸ್ಥಿತಿ ಈಗಿಲ್ಲ. ಹೇಗೆ ಮಾಡಿದಿರಿ ಅಂತ ಗಲ್ಫ್‌ನಲ್ಲಿರುವ ನಮ್ಮ ಕಡೆಯ ಶಿಕ್ಷಕರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಮ್ಮ ಲೆಕ್ಕಾಚಾರದ ಬೇರು ಇರುವುದು ದುಬೈನಲ್ಲಲ್ಲ, ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಊರಿನ ಒಂದು ಭಾಗ ಹೋಯಿತು. ಕಿಲ್ಲಾದ ಹತ್ತಿರ ಇದ್ದ ನಮ್ಮ ಮಾವನವರ ಮನೆ, ಅಂಗಡಿ ಎರಡೂ ಹೋದವು. ಪರಿಹಾರದ ದುಡ್ಡು ಬಂತು, ನವನಗರದಲ್ಲಿ ಸೈಟು ಸಿಕ್ಕಿತು. ಮನೆ ಕಟ್ಟಿಸಿದರು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು, ಒಂದಿಷ್ಟು ಬಂಗಾರ ತಗೊಂಡರು. ಯಾವುದೂ ದುಂದು ಖರ್ಚಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಕೈ ಖಾಲಿ. ಅಂಗಡಿ ಹೊಸ ಜಾಗದಲ್ಲಿ ಮೊದಲಿನ ಹಾಗೆ ನಡೆಯಲಿಲ್ಲ. ಮಾವನವರು ಹೇಳುತ್ತಿದ್ದರು, "ದುಡ್ಡ ಬಂದಾಗ ಎಲ್ಲಾರೂ ಶ್ರೀಮಂತರ ಆಗಿದ್ವಿ. ತಿಂಗಳಾ ತಿಂಗಳಾ ಬರೋದು ಏನೂ ಇರಲಿಲ್ಲ ನೋಡವಾ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಈಗ ಮತ್ತೆ ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ನಡೆದಿದೆ. ಇನ್ನಷ್ಟು ಕುಟುಂಬಗಳ ಕೈಗೆ ಇಡಿಗಂಟು ಬರಲಿದೆ. ಹಾಗಾಗಿ ಇದು ಬರೀ ವಿದೇಶದಲ್ಲಿ ಇರುವವರ ವಿಷಯ ಅಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಾವು ಹೋಗಿದ್ದಕ್ಕೆ ಕಾರಣ ಸರಳ. ಇಬ್ಬರೂ ಅನುದಾನ ಇಲ್ಲದ ಖಾಸಗಿ ಶಾಲೆಯಲ್ಲಿದ್ದೆವು. ಸರ್ಕಾರಿ ನೌಕರಿ ಸಿಕ್ಕಿದ್ದರೂ 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇರಲಿಲ್ಲ, ಇಷ್ಟೇ ಬರುತ್ತದೆ ಅನ್ನುವ ಖಾತ್ರಿ ಇಲ್ಲದ ಎನ್‌ಪಿಎಸ್ ಅಷ್ಟೇ. ಅಂದರೆ ಇಲ್ಲಿದ್ದರೂ ಮುಪ್ಪಿನ ಲೆಕ್ಕ ನಾವೇ ಮಾಡಬೇಕಿತ್ತು.

ದುಬೈನಲ್ಲಿ ಮೊದಲು ಇಬ್ಬರೂ ಸೇರಿದ್ದು ಭಾರತೀಯ ಪಠ್ಯಕ್ರಮದ ಶಾಲೆಗೆ. ಸಂಬಳ ಕಡಿಮೆ. ಆ ಐದು ವರ್ಷದ ಉಳಿತಾಯವೆಲ್ಲ ನವನಗರದ ಮನೆ ಸಾಲಕ್ಕೆ ಹೋಯಿತು. 2013ರಲ್ಲಿ ನಮ್ಮ ಮನೆಯವರು ಬ್ರಿಟಿಷ್ ಪಠ್ಯಕ್ರಮದ ಶಾಲೆಗೆ ಹೋದರು. ಸಂಬಳ ಜಾಸ್ತಿ, ಜೊತೆಗೆ ಇರಲು ಮನೆ. ನಾನು ಮಾತ್ರ ಅಲ್ಲೇ ಉಳಿದೆ. ಸಿಬ್ಬಂದಿಯ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಇತ್ತು, ಮಗಳು ಅಲ್ಲೇ ಓದಿದಳು. ನನಗೆ ಬರಬಹುದಾಗಿದ್ದ ಹೆಚ್ಚಿನ ಸಂಬಳಕ್ಕಿಂತ ಆ ರಿಯಾಯಿತಿ ಮತ್ತು ಗ್ರಾಚ್ಯುಟಿ (ಕೆಲಸ ಬಿಡುವಾಗ ಶಾಲೆ ಕೊಡುವ ಇಡಿಗಂಟು) ಸೇರಿ ನಮಗೆ ಲಾಭವೇ ಆಯಿತು.

ಗ್ರಾಚ್ಯುಟಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಶಿಕ್ಷಕರು ಇದನ್ನು ಕೆಲಸ ಬಿಡುವಾಗ ಮಾತ್ರ ನೋಡುತ್ತಾರೆ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಐದು ದಾಟಿದ ಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕ ಹಾಕುವುದು ಕೊನೆಯ ಮೂಲ ವೇತನದ ಮೇಲೆ. ಭತ್ಯೆಗಳು ಇದರಲ್ಲಿ ಸೇರುವುದಿಲ್ಲ. ಒಟ್ಟು ಎರಡು ವರ್ಷದ ವೇತನ ದಾಟುವ ಹಾಗಿಲ್ಲ. ಶಾಲೆ ಬದಲಿಸಿದರೆ ಎಣಿಕೆ ಮತ್ತೆ ಒಂದರಿಂದ ಶುರು. ನನಗೆ ಒಂದೇ ಕಡೆ 16 ವರ್ಷ ಆಗಿತ್ತು: ಮೊದಲ ಐದಕ್ಕೆ 105 ದಿನ, ಉಳಿದ ಹನ್ನೊಂದಕ್ಕೆ 330 ದಿನ. ಅಂದರೆ ಹದಿನಾಲ್ಕೂವರೆ ತಿಂಗಳ ಮೂಲ ವೇತನ. ಹೊಸ ಆಫರ್ ಬಂದಾಗ ಒಟ್ಟು ಸಂಬಳ ನೋಡಿ ಖುಷಿಪಡಬೇಡಿ. ಕಾಗದದಲ್ಲಿ ಮೂಲ ವೇತನ ಎಷ್ಟು ಅಂತ ಬರೆದಿದ್ದಾರೆ, ಅದನ್ನು ನೋಡಿ.

2013ರಿಂದ ನಮ್ಮದು ಒಂದೇ ನಿಯಮ. ನನ್ನ ಸಂಬಳದಲ್ಲಿ ಸಂಸಾರ, ಅವರ ಸಂಬಳದಲ್ಲಿ ಉಳಿತಾಯ. ಅವರ ಸಂಬಳ ಬಂದ ದಿನವೇ 7 ಸಾವಿರ ದಿರ್ಹಮ್ ಊರಿನ ಖಾತೆಗೆ ಹೋಗುತ್ತಿತ್ತು. ಉಳಿದದ್ದು ಬೇಸಿಗೆ ರಜೆಯ ಟಿಕೆಟ್‌ಗೆ, ಅತ್ತೆ-ಮಾವನವರ ಖರ್ಚಿಗೆ. ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಜೊತೆಗೆ ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿದೆ, ಒಂದು ಡಾಲರಿಗೆ 3.6725. ರೂಪಾಯಿ ಕುಸಿದಂತೆಲ್ಲ ನಮ್ಮ ದಿರ್ಹಮ್‌ಗೆ ಜಾಸ್ತಿ ರೂಪಾಯಿ ಬಂತು. 2008ರಲ್ಲಿ 12 ರೂಪಾಯಿ ಆಸುಪಾಸು ಇದ್ದದ್ದು 2024ರಲ್ಲಿ 22 ದಾಟಿತ್ತು. ಆದರೆ ಊರಿನಲ್ಲೂ ಬೆಲೆ ಏರಿತ್ತು ಅನ್ನುವುದನ್ನು ಮರೆಯಬಾರದು.

ಎಷ್ಟು ಇದ್ದರೆ ಸಾಕು? ಇಲ್ಲಿ ನಮ್ಮ ದಾರಿ ಉಳಿದವರಿಗಿಂತ ಬೇರೆ ಆಯಿತು. ಗೆಳೆಯರು ಒಂದು ಕೋಟಿ, ಎರಡು ಕೋಟಿ ಅಂತ ದುಂಡನೆ ಅಂಕಿ ಹೇಳುತ್ತಿದ್ದರು. ನಾವು ದುಬೈ ಖರ್ಚನ್ನು ಬದಿಗಿಟ್ಟು, ಬಾಗಲಕೋಟೆಯಲ್ಲಿ ನಮ್ಮ ಮನೆ ನಡೆಯಲು ಎಷ್ಟು ಬೇಕು ಅಂತ ಬರೆಯಲು ಶುರು ಮಾಡಿದೆವು. ರಜೆಗೆ ಬಂದಾಗಲೆಲ್ಲ ಕಿರಾಣಿ, ಹಾಲು, ಗ್ಯಾಸು, ಬೇಸಿಗೆಯ ಕರೆಂಟ್ ಬಿಲ್, ಪೆಟ್ರೋಲು, ಔಷಧಿ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಅದಕ್ಕೆ ಮನೆ ತೆರಿಗೆ, ವಿಮೆ ಕಂತು, ಮದುವೆಗಳ ಆಯೇರಿ (ಉಡುಗೊರೆ), ಮನೆಗೆ ಸುಣ್ಣ-ಬಣ್ಣ ಇವನ್ನೂ ತಿಂಗಳಿಗೆ ಹಂಚಿ ಸೇರಿಸಿದೆವು. 2017ರಲ್ಲಿ ಅದು 40 ಸಾವಿರ ಇತ್ತು, 2024ರಲ್ಲಿ 60 ಸಾವಿರ. ವರ್ಷಕ್ಕೆ 7 ಲಕ್ಷ 20 ಸಾವಿರ.

ಅಮೆರಿಕದ ವಿಲಿಯಂ ಬೆಂಗೆನ್ ಅನ್ನುವ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಮೊದಲ ವರ್ಷ ಕೂಡಿಟ್ಟದ್ದರ ಶೇಕಡಾ 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಷ್ಟು ಹೆಚ್ಚಿಸುತ್ತ ಹೋದರೂ ಹಣ 30 ವರ್ಷ ಬಾಳುತ್ತದೆ ಅಂತ. ವರ್ಷದ ಖರ್ಚಿನ 25 ಪಟ್ಟು ಅನ್ನುವ ಮಾತು ಬಂದದ್ದು ಅಲ್ಲಿಂದಲೇ. ಆ ಪ್ರಕಾರ ನಮಗೆ 1 ಕೋಟಿ 80 ಲಕ್ಷ ಸಾಕಿತ್ತು. ಆದರೆ ಅದು ಅಮೆರಿಕದ ಶೇರು, ಬಾಂಡುಗಳ ಲೆಕ್ಕ. ನನಗೆ 44, ಹಣ 40 ವರ್ಷಕ್ಕಿಂತ ಜಾಸ್ತಿ ಬರಬೇಕು. ನಮ್ಮಲ್ಲಿ ಬೆಲೆಯೂ ಬೇಗ ಏರುತ್ತದೆ. ಅದಕ್ಕೇ ಶೇಕಡಾ 3 ಹಿಡಿದೆವು: 2 ಕೋಟಿ 40 ಲಕ್ಷ. ಇದರಿಂದ ಕೆಲಸದ ವರ್ಷಗಳು ಹೆಚ್ಚಾದವು. ಆದರೂ ನಾನು ಇದನ್ನೇ ಎಲ್ಲರಿಗೂ ಹೇಳುವುದು.

ಹಣ ಇಟ್ಟದ್ದು ಎರಡೇ ಕಡೆ. ಸುಮಾರು ಅರ್ಧ ಬ್ಯಾಂಕ್ ಠೇವಣಿ, ಅರ್ಧ ಇಂಡೆಕ್ಸ್ ಫಂಡ್ (ಶೇರುಪೇಟೆ ಸೂಚ್ಯಂಕದಲ್ಲಿರುವ ಕಂಪನಿಗಳ ಶೇರುಗಳನ್ನೇ ಕೊಳ್ಳುವ ಫಂಡ್), ಅದೂ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್. ವಿದೇಶದಲ್ಲಿ ದುಡಿದದ್ದನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಅನಿವಾಸಿಯಾಗಿರುವ ತನಕ ಇಲ್ಲಿ ತೆರಿಗೆ ಇಲ್ಲ. 2020ರ ಜನವರಿಯಲ್ಲಿ 42 ಸಾವಿರ ದಾಟಿದ್ದ ಸೆನ್ಸೆಕ್ಸ್ ಮಾರ್ಚ್‌ನಲ್ಲಿ 26 ಸಾವಿರದ ಕೆಳಗೆ ಇಳಿದಾಗ ಮನೆಯಲ್ಲಿ ನಿದ್ದೆ ಇರಲಿಲ್ಲ. ಆದರೆ ಬ್ಯಾಂಕಿನ ಅರ್ಧ ಹಾಗೇ ಇತ್ತು, ಇಬ್ಬರ ಕೆಲಸವೂ ಇತ್ತು. ತಿಂಗಳಾ ತಿಂಗಳಾ ಫಂಡ್‌ಗೆ ಹಾಕುವ ಕಂತು, ಅಂದರೆ ಎಸ್‌ಐಪಿ, ನಿಲ್ಲಿಸಲಿಲ್ಲ.

ಊರಿನಿಂದ ಸಲಹೆಗಳಿಗೆ ಬರ ಇರಲಿಲ್ಲ. "ನಾಕ ಎಕರೆ ನೀರಾವರಿ ಹೊಲ ಐತಿ, ತಗೋರಿ" ಅಂತ ಕಾಕಾ ಒಬ್ಬರು ವರ್ಷಗಟ್ಟಲೆ ಹೇಳಿದರು. ಅನಿವಾಸಿಯಾಗಿರುವ ತನಕ ಕೃಷಿ ಭೂಮಿ ಖರೀದಿಸುವ ಹಾಗಿಲ್ಲ, ಹಿರಿಯರಿಂದ ಬಂದದ್ದಾದರೆ ಇಟ್ಟುಕೊಳ್ಳಬಹುದು ಅಷ್ಟೇ. ಕಾನೂನು ಹೇಳಿದ ಮೇಲೆ ಕಾಕಾ ಸುಮ್ಮನಾದರು. ಇನ್ನು ಕೆಲವರು ಪತ್ತಿನ ಸಹಕಾರ ಸಂಘದಲ್ಲಿ ಬಡ್ಡಿ ಜಾಸ್ತಿ, ಅಲ್ಲಿ ಇಡಿ ಅಂದರು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘಗಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ನಮ್ಮ ಬದುಕಿನ ಆಧಾರವಾದ ದುಡ್ಡನ್ನು ಒಂದೆರಡು ಪರ್ಸೆಂಟ್ ಆಸೆಗೆ ಅಲ್ಲಿ ಇಡಲು ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಆರೋಗ್ಯ ವಿಮೆಯನ್ನು ಮಾತ್ರ ಬೇಗ ಮಾಡಿಸಿ. ದುಬೈನಲ್ಲಿ ಶಾಲೆಯ ವಿಮೆ ಇದ್ದರೂ ನಾವು ಇಲ್ಲಿನ ಪಾಲಿಸಿ ಐದು ವರ್ಷ ಮೊದಲೇ ತಗೊಂಡಿದ್ದೆವು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಈಗ ಗರಿಷ್ಠ 3 ವರ್ಷ, ಆಗ 4 ಇತ್ತು. ನಮ್ಮ ಮನೆಯವರಿಗೆ ಬಿಪಿ ಇದೆ. ಊರಿಗೆ ಬರುವ ಹೊತ್ತಿಗೆ ಆ ಅವಧಿ ಮುಗಿದಿತ್ತು.

ವಾಪಸ್ ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಇ ಖಾತೆಗಳನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಹೆಸರು ಹಾಗೇ ಬಿಟ್ಟುಕೊಂಡು ಬಡ್ಡಿಗೆ ತೆರಿಗೆ ಇಲ್ಲ ಅಂದುಕೊಂಡವರನ್ನು ನೋಡಿದ್ದೇನೆ, ಅದು ನಡೆಯುವುದಿಲ್ಲ. ನಮ್ಮ ಹಾಗೆ ಬಹಳ ವರ್ಷ ಹೊರಗಿದ್ದು ಬಂದವರಿಗೆ ಆರ್‌ಎನ್‌ಒಆರ್ ಅನ್ನುವ ನಡುವಿನ ಸ್ಥಿತಿ ಸಿಗುತ್ತದೆ, ತೆರಿಗೆ ಲೆಕ್ಕದಲ್ಲಿ ನಿವಾಸಿ ಆದರೂ ಪೂರ್ತಿ ಸಾಮಾನ್ಯ ನಿವಾಸಿ ಅಲ್ಲ. ನಮಗೆ ಅದು ಎರಡು ಹಣಕಾಸು ವರ್ಷ ಸಿಕ್ಕಿತು. ಆ ಅವಧಿಯಲ್ಲಿ ವಿದೇಶಿ ಕರೆನ್ಸಿಯಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಯ ಬಡ್ಡಿಗೆ ತೆರಿಗೆ ಇಲ್ಲ. ಅದಕ್ಕೇ ಬರುವ ಮೊದಲು ಒಂದಿಷ್ಟು ಹಣ ಡಾಲರ್ ಠೇವಣಿಯಲ್ಲಿ ಇಟ್ಟಿದ್ದೆವು.

ಈಗ ತಿಂಗಳಾ ತಿಂಗಳಾ ಬರುವ ವ್ಯವಸ್ಥೆ ಹೀಗಿದೆ. ಮೂರು ವರ್ಷದ ಖರ್ಚು, ಅಂದರೆ ಸುಮಾರು 22 ಲಕ್ಷ, ಬೇಗ ಕೈಗೆ ಸಿಗುವ ಠೇವಣಿಯಲ್ಲಿ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಖು 50 ಸಾವಿರ ಮನೆ ಖಾತೆಗೆ ತಾನಾಗಿ ಬರುತ್ತದೆ. ಇನ್ನು 10 ಸಾವಿರ ವಿಮೆ, ತೆರಿಗೆ, ಆಯೇರಿಯಂಥ ವರ್ಷದ ಖರ್ಚುಗಳ ಖಾತೆಗೆ. ನಾವು ಅದನ್ನು ಸಂಬಳ ಅಂತಲೇ ಕರೆಯುತ್ತೇವೆ. ಪ್ರತಿ ಏಪ್ರಿಲ್‌ನಲ್ಲಿ ಕೂತು ಲೆಕ್ಕ ಮಾಡುತ್ತೇವೆ. ಶೇರುಪೇಟೆ ಚೆನ್ನಾಗಿದ್ದರೆ ಇಂಡೆಕ್ಸ್ ಫಂಡ್‌ನಿಂದ ತೆಗೆದು ಮೂರು ವರ್ಷದ ಗಂಟನ್ನು ಮತ್ತೆ ತುಂಬುತ್ತೇವೆ. ಬಿದ್ದಿದ್ದರೆ ಫಂಡ್ ಮುಟ್ಟುವುದಿಲ್ಲ, ಆ ವರ್ಷ ಸಂಬಳ ಏರಿಸಿಕೊಳ್ಳುವುದೂ ಇಲ್ಲ.

ಬಂದ ಹೊಸದರಲ್ಲಿ ಜನರ ಮಾತು ಬಹಳ ಇತ್ತು. "ಕೆಲಸದಿಂದ ತಗದ್ರೇನು? ಆರಾಮ ಇಲ್ಲೇನು?" ಅಂತ ನೇರವಾಗಿಯೇ ಕೇಳಿದರು. ನನಗಿಂತ ಅತ್ತೆಯವರಿಗೆ ಇದರಿಂದ ಬೇಜಾರಾಯಿತು. ಅವರ ಮುಂದೆಯೇ ನೋಟ್‌ಬುಕ್ ಬಿಚ್ಚಿ ಎಲ್ಲ ಲೆಕ್ಕ ಹೇಳಿದೆ. ಆಮೇಲೆ ಕೇಳಲು ಬಂದವರಿಗೆ ಅವರೇ ಉತ್ತರ ಕೊಡತೊಡಗಿದರು. ನಮ್ಮ ಮನೆಯವರು ಈಗ ಮುಳುಗಡೆಯಾದವರ ಪುನರ್ವಸತಿ ಕೇಂದ್ರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಾರಕ್ಕೆ ಮೂರು ದಿನ ವಿಜ್ಞಾನ ಹೇಳಿಕೊಡುತ್ತಾರೆ, ಸಂಬಳ ಇಲ್ಲದೆ. ಪಾಠ ಮಾಡುವುದನ್ನು ಬಿಡಬೇಕು ಅಂತ ನಮಗೆ ಯಾವತ್ತೂ ಇರಲಿಲ್ಲ. ಯಾರಿಗೆ, ಎಷ್ಟು ಹೊತ್ತು ಅನ್ನುವುದು ನಮ್ಮ ಕೈಯಲ್ಲಿ ಇರಬೇಕಿತ್ತು.

ಮಗಳ ಓದಿಗೆ ಇಟ್ಟ 30 ಲಕ್ಷ ಈ ಲೆಕ್ಕಕ್ಕೆ ಸೇರಿಲ್ಲ. ಹತ್ತನೇ ತರಗತಿ ಅಲ್ಲಿ ಮುಗಿಸಿ ಪಿಯುಸಿಗೆ ಇಲ್ಲಿಗೆ ಬಂದಳು. ಮುಂದೆ ಏನು ಓದುತ್ತಾಳೆ, ಎಲ್ಲಿ ಓದುತ್ತಾಳೆ ಅನ್ನುವುದು ಅವಳಿಗೇ ಬಿಟ್ಟದ್ದು. ಆದರೆ ಆ ಮೊತ್ತ ಎಷ್ಟು ಅಂತ ಅವಳಿಗೆ ಹೇಳಿದ್ದೇವೆ. ಕಾಲೇಜುಗಳ ಫೀಸು ಈಗ ಅವಳೇ ಕೂತು ಹೋಲಿಸಿ ನೋಡುತ್ತಿದ್ದಾಳೆ.